ಟೆಂಟಿಗೂ ಹಾಲುಕ್ಕಿಸಿದ್ದು

ಪೆನ್ನು ಹಿಡಿದು ಕೂತಿದ್ದೇ ತಡ, ಅತ್ತೆ ಮತ್ತೆ ಕೂಗಿದರು, ಸೌಟು ಎಲ್ಲಿ ಅಂತ. ಸೌಟು ಅವರ ಕೈಯಲ್ಲೇ ಇತ್ತು. ಈ ಮನೆಯಲ್ಲಿ ಅರ್ಧ ಗಂಟೆ ಒಬ್ಬಳೇ ಕೂರಲು ಜಾಗವಿಲ್ಲವೆಂದೇ ನಾನು ಟೆಂಟು ಕೊಂಡದ್ದು.

ಬೆನ್ನಿಗೆ ಹಾಕಿಕೊಂಡು ಹೋಗುವಂಥ, ಒಬ್ಬರೇ ಮಲಗುವ ಹಗುರ ಟೆಂಟು ಬೇಕೆಂದಾಗ ತುಮಕೂರಿನ ಅಂಗಡಿಯವನು, “ಯಾವ ಬೆಟ್ಟಕ್ಕೆ ಹೋಗ್ತೀರಾ ಮೇಡಂ?” ಎಂದ.

“ನಮ್ಮ ಮಾಳಿಗೆ ಮೇಲಕ್ಕೆ,” ಎಂದೆ. ಅವನು ನನ್ನನ್ನೊಮ್ಮೆ ನೋಡಿ ಬಿಲ್ಲು ಬರೆದ.

ಮಧುಗಿರಿಗೆ ತಂದು ಮಾಳಿಗೆ ಹತ್ತಿಸಿದೆ. ಕಡ್ಡಿಗಳನ್ನು ತೂರಿಸಿದ ಕೂಡಲೇ ಟೆಂಟು ಎದ್ದು ನಿಂತಿತು. ಆದರೆ ಸಿಮೆಂಟಿಗೆ ಗೂಟ ಇಳಿಯಬೇಕಲ್ಲ. ಹಗ್ಗಗಳನ್ನು ನೀರಿನ ಪೈಪಿಗೂ ಹಳೆಯ ಒರಳುಕಲ್ಲಿಗೂ ಕಟ್ಟಿದೆ. ಇನ್ನೇನು ಒಳಗೆ ಹೋಗಬೇಕು, ಅಷ್ಟರಲ್ಲಿ ಅತ್ತೆ ಹಾಲಿನ ಪಾತ್ರೆ, ಸೌದೆ ಹಿಡಿದು ಬಂದರು.

“ಹಾಲುಕ್ಕಿಸ್ದೆ ಹೊಸಮನೆ ಒಳಕ್ಕೆ ಹೋಯ್ತಾರೇನಮ್ಮ?”

“ಇದು ಬಟ್ಟೆ ಅತ್ತೆ. ಕಿಡಿ ಬಿದ್ರೆ ಮನೆನೂ ಇಲ್ಲ, ನಾನೂ ಇಲ್ಲ.”

“ಒಳಗೆ ಮಲ್ಕೊಳೋ ಅಂಗಿದ್ರೆ ಮನೆನೇ ಬುಡು.”

ಕೊನೆಗೆ ದೂರದ ಮೂಲೆಯಲ್ಲಿ ಒಲೆ ಹೂಡಿ ಹಾಲುಕ್ಕಿಸಿದೆವು. ಮೊದಲು ಹಿರಿಯರು ಕಾಲಿಡಬೇಕಂತೆ. ಅತ್ತೆ ಬಗ್ಗಿ ಒಳಗೆ ಹೋದವರು ಜಿಪ್ಪು ಎಳೆದುಕೊಂಡರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನಾನು ಹೊರಗೆ ಒರಳುಕಲ್ಲಿನ ಮೇಲೆ ಕೂತು ಬೆಟ್ಟ ನೋಡುತ್ತಾ ಹಾಲು ಕುಡಿದೆ. ಗಾಳಿ ಚೆನ್ನಾಗಿತ್ತು. ಯಾರೂ ನನ್ನನ್ನು ಕೂಗಲಿಲ್ಲ.

ಆಮೇಲೆ ಒಳಗಿಂದ ದನಿ ಬಂತು. “ಮದ್ವೆಯಾಗಿ ಬಂದಾಗಿಂದ ಇಂಗೆ ಒಬ್ಳೇ ಕೂತೇ ಇರ್ಲಿಲ್ಲ ಕಣಮ್ಮ. ಇನ್ಮೇಲೆ ನೀನೆಲ್ಲಿ ಕೂತ್ಕೊಂತೀಯ?”