ಕೊಡದ ಹೆಣ್ಣಿನ ಜಾಗ

ಬೋಂಗ್‌ಛಿ ಎಂದರೆ ‘ಹುಟ್ಟಿದ್ದಾಯ್ತಲ್ಲ, ಸಾಕಿದರಾಯ್ತು’ ಎಂದರ್ಥ. ಮೂರನೆಯದೂ ಹೆಣ್ಣೇ ಎಂದು ಕೇಳಿದ ಅಜ್ಜ ಕುಳಿತಲ್ಲಿಂದಲೇ ಇಟ್ಟ ಹೆಸರು ಅದು. ಲುಕಾಂಗ್ ಪಟ್ಟಣದ ಅವಳ ಓಣಿಯಲ್ಲೇ ಆ ಹೆಸರಿನವರು ಇನ್ನಿಬ್ಬರಿದ್ದರು. ಹಾಗಾಗಿ ಅದು ಬೈಗುಳವೆಂದು ಯಾರಿಗೂ ಅನ್ನಿಸಿರಲಿಲ್ಲ, ಅವಳಿಗಂತೂ ಇಲ್ಲವೇ ಇಲ್ಲ.

ಎಪ್ಪತ್ತಮೂರರಲ್ಲೂ ಅವಳ ತೋಳು ಗಟ್ಟಿ. ನಸುಕಿಗೆ ಹಿಟ್ಟು ನಾದಿ, ಬಿಸಿಲೇರುವ ಹೊತ್ತಿಗೆ ಅಂಗಳದ ಕೋಲುಗಳ ನಡುವೆ ಆಳುದ್ದದ ಶಾವಿಗೆ ಎಳೆದು ಒಣಗಲು ಬಿಡುತ್ತಿದ್ದಳು. ಅತ್ತಿಗೆ ಎರಡನೇ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅಣ್ಣನ ಮಕ್ಕಳನ್ನು ಸಾಕಿದವಳು ಅವಳು. ಅವಳ ಮದುವೆಯ ಮಾತು ಎರಡು ಸಲ ಬಾಗಿಲವರೆಗೆ ಬಂದು, ಒಲೆಯ ಮೇಲಿನ ಮಕ್ಕಳ ಗಂಜಿ ನೋಡಿ ಹಿಂದಿರುಗಿತು. ಪಡಸಾಲೆಯ ಪೀಠದ ಮೇಲೆ ಸಾಲಾಗಿ ನಿಂತ, ತೀರಿಹೋದ ಹಿರಿಯರ ಹೆಸರುಹಲಗೆಗಳಿಗೆ ಐವತ್ತು ವರ್ಷ ಬೆಳಗ್ಗೆ ಸಂಜೆ ಊದುಬತ್ತಿ ಹಚ್ಚಿದವಳೂ ಅವಳೇ.

ಆದರೆ ಆ ಸಾಲಿಗೆ ಅವಳು ಸೇರುವಂತಿರಲಿಲ್ಲ. ಹೆಂಡತಿಯರು ಗಂಡನ ಪಕ್ಕ ನಿಲ್ಲುತ್ತಾರೆ. ಮದುವೆಯಾಗದ ಮಗಳು ಸತ್ತರೆ ಅವಳ ಹಲಗೆಗೆ ಊರಾಚೆಯ ಗುಡಿಯ ಕೋಣೆಯೇ ಗತಿ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವುದೇನೋ ಸರಿ. ಕೊಡದ ಹೆಣ್ಣೂ ಹೊರಗು ಎಂದರೆ? ಬೋಂಗ್‌ಛಿ ಎಂದೂ ಹೀಗೆ ಕೇಳಿಕೊಂಡವಳಲ್ಲ. ಬದಲಿಗೆ, “ಬೇಗ ಮದ್ವೆ ಆಗ್ರೇ, ಇಲ್ದಿದ್ರೆ ನಿಮ್ಗೆ ಊದುಬತ್ತಿ ಹಚ್ಚೋರೂ ಇರಲ್ಲ,” ಎಂದು ಓಣಿಯ ಹುಡುಗಿಯರನ್ನು ತಾನೇ ಹೆದರಿಸುತ್ತಿದ್ದಳು.

ಹತ್ತೊಂಬತ್ತಕ್ಕೇ ಜ್ವರದಲ್ಲಿ ಹೋದ ತಂಗಿ ಗಿಮ್‌ಲುವಾನಳ ಹಲಗೆಯನ್ನು ಆ ಕೋಣೆಗೆ ಒಯ್ದವಳೂ ಅವಳೇ. ಹಲಗೆ ಒಯ್ಯುವಾಗ ಕಪ್ಪು ಕೊಡೆ ಹಿಡಿಯಬೇಕು, ಸೇತುವೆ ಬಂದರೆ ಸತ್ತವರನ್ನು ಹೆಸರು ಹಿಡಿದು ಕರೆಯಬೇಕು. ಇಲ್ಲವಾದರೆ ಜೀವ ದಾಟಲಾರದೆ ಅಲ್ಲೇ ಉಳಿಯುತ್ತದೆ. ಅಂದು ಸೇತುವೆಯ ಮೇಲೆ ಜನ ನೋಡುತ್ತಿದ್ದರು. ನಾಚಿಕೆಯಾಗಿ ಬೋಂಗ್‌ಛಿ ಬಾಯಿ ತೆರೆಯಲಿಲ್ಲ. ಅಂದಿನಿಂದ ಆ ಸೇತುವೆ ದಾಟುವಾಗೆಲ್ಲ ಅವಳು ತಲೆ ತಗ್ಗಿಸಿ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು.

ಈ ಚಳಿಗಾಲ ಗುಡಿಯವರು ಹೇಳಿಕಳಿಸಿದರು: ಕೋಣೆ ಕೆಡವುತ್ತೇವೆ, ಹಲಗೆಗಳೆಲ್ಲ ದೂರದ ಬೆಟ್ಟದ ಹೊಸ ಕಟ್ಟಡಕ್ಕೆ ಹೋಗುತ್ತವೆ.

“ನಾನು ಅವಳನ್ನ ಮನೆಗೇ ತರ್ತೀನಿ,” ಎಂದಳು ಬೋಂಗ್‌ಛಿ, ಅಣ್ಣನ ಮಗ ಬುನ್‌ಕೇಗೆ ಬಡಿಸುತ್ತಾ.

ಅವನು ಊಟದ ಕಡ್ಡಿ ಕೆಳಗಿಟ್ಟ. “ಅತ್ತೆ, ಚಿಕ್ಕಜ್ಜ ಬಿಡ್ತಾರಾ?”

ಮನೆತನದಲ್ಲಿ ಉಳಿದ ಹಿರಿಯ, ಬೋಂಗ್‌ಛಿಯ ಚಿಕ್ಕಪ್ಪ ತಿಯಾಮ್‌ಹಾಕ್, ಸುದ್ದಿ ಕೇಳಿ ಊರುಗೋಲು ಕುಟ್ಟುತ್ತಾ ಬಂದೇಬಿಟ್ಟ. “ತಲೆ ಕೆಟ್ಟಿದ್ಯೇನೇ ನಿಂಗೆ? ಹೆಣ್ಮಕ್ಳು ಪೀಠ ಹತ್ತಿದ್ರೆ ವಂಶ ಉದ್ಧಾರ ಆದಂಗೇ!”

“ನಾನು ಹಚ್ಚಿದ ಊದುಬತ್ತೀಲಿ ಆಗಿರೋ ಉದ್ಧಾರ ಸಾಲ್ದಾ ಚಿಕ್ಕಪ್ಪ?”

“ನನ್ನತ್ರ ಏನು ವಾದ? ಹಿರಿಯರನ್ನೇ ಕೇಳು.”

ಕೇಳುವುದೆಂದರೆ ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕುವುದು. ಒಂದು ಮಕಾಡೆ ಒಂದು ಅಂಗಾತ ಬಿದ್ದರೆ ಹೂಂ. ಎರಡೂ ಮಕಾಡೆಯಾದರೆ ಊಹೂಂ. ಎರಡೂ ಅಂಗಾತವಾದರೆ ಹಿರಿಯರು ನಗುತ್ತಿದ್ದಾರೆ, ಪ್ರಶ್ನೆ ನೆಟ್ಟಗೆ ಕೇಳು ಎಂದು.

ಮೊದಲ ಸಲ ಊಹೂಂ. ಚಿಕ್ಕಪ್ಪನ ಮುಖ ಅರಳಿತು. ಎರಡನೇ ಸಲ ನಗು. ತುಂಡುಗಳನ್ನು ಹೆಕ್ಕಲು ಬಗ್ಗಿದ ಬೋಂಗ್‌ಛಿ ಹಾಗೇ ನಿಂತಳು.

“ಚಿಕ್ಕಪ್ಪ, ಅವಳನ್ನ ಆಚೆ ಕಳಿಸ್ದಾಗ ಇವನ್ನ ಹಾಕಿ ಕೇಳಿದ್ರಾ?”

“ಅದ್ರಲ್ಲಿ ಕೇಳೋದೇನೇ? ಲೋಕಕ್ಕೇ ಗೊತ್ತಿರೋ ಮಾತು.”

“ಕೇಳ್ದೆ ಕಳಿಸಿದ್ರಿ. ಕೇಳ್ದೆ ಕರ್ಕೊಂಡು ಬರ್ತೀನಿ. ಅಪ್ಪ ಅಮ್ಮಂಗೆ ಬೇಡ ಅನ್ನಿಸಿದ್ರೆ ನಾಳೆಯಿಂದ ಊದುಬತ್ತಿ ನೀವೇ ಬಂದು ಹಚ್ಚಿ. ದಿನಾ. ಈ ಚಳೀಲಿ.”

ತುಂಡುಗಳನ್ನು ಜೇಬಿಗೆ ಹಾಕಿಕೊಂಡಳು. ಮುದುಕ ಪೀಠ ನೋಡಿದ, ತನ್ನ ಮೊಣಕಾಲು ನೋಡಿದ, ಚಹಾ ಕೇಳಿದ.

ಮರುದಿನ ಬುನ್‌ಕೇ ಕಪ್ಪು ಕೊಡೆ ಹಿಡಿದ. ಸೇತುವೆಯ ಮೇಲೆ ಸ್ಕೂಟರುಗಳ ಸಾಲು, ಜನ ಅಂದಿಗಿಂತ ಹತ್ತು ಪಟ್ಟು. ತಂಗಿಯ ಹಲಗೆಯನ್ನು ಎದೆಗವಚಿಕೊಂಡು ಬೋಂಗ್‌ಛಿ ನಟ್ಟನಡುವೆ ನಿಂತಳು.

“ಗಿಮ್‌ಲುವಾನ್! ಬಾರೇ, ಸೇತುವೆ ದಾಟು! ಅಕ್ಕ ಬಂದಿದೀನಿ, ಮನೆಗೆ ಹೋಗೋಣ!”

ಹಿಂದಿನಿಂದ ಒಬ್ಬ ಹಾರನ್ ಒತ್ತಿದ. “ಅವಳು ಐವತ್ತು ವರ್ಷ ಕಾದಿದಾಳೆ, ನಿಂಗೆ ಎರಡು ನಿಮಿಷ ಆಗಲ್ವೇನೋ?” ಎಂದು ಅವನನ್ನು ಗದರಿಸಿ ಮತ್ತೆರಡು ಸಲ ಕರೆದಳು. ಅಳು ಬಂತು, ಅಲ್ಲೇ ನಿಂತು ಅತ್ತಳು.

ಮನೆಗೆ ಬಂದು ಪೀಠದ ಮೇಲಿನ ಹಲಗೆಗಳನ್ನು ಸರಿಸಿ, ಅಮ್ಮನ ಪಕ್ಕ ತಂಗಿಯನ್ನು ನಿಲ್ಲಿಸಿದಳು. ಆಮೇಲೆ ಅಜ್ಜನ ಹಲಗೆಯನ್ನು ಇನ್ನೂ ಒಂದು ಗೇಣು ಆಚೆ ತಳ್ಳಿದಳು.

“ಇಷ್ಟು ಜಾಗ ಯಾಕತ್ತೆ?”

“ನಂಗೆ. ಅಳತೆ ಇಟ್ಕೋ.”

ಬುನ್‌ಕೇ ಕೆಮ್ಮಿದ. ಆಮೇಲೆ ಗೇಣು ಹಾಕಿ ಅಳೆದ. “ಹೆಸರು ಏನಂತ ಬರೆಸ್ಲಿ? ಬೇರೆ ಒಳ್ಳೇದು ಯಾವ್ದಾದ್ರೂ—”

“ಅಜ್ಜ ಇಟ್ಟಿದ್ದನ್ನೇ ದೊಡ್ಡಕ್ಷರದಲ್ಲಿ ಬರೆಸು,” ಎಂದಳು ಬೋಂಗ್‌ಛಿ. “ಪಕ್ಕದಲ್ಲೇ ಇರ್ತಾನಲ್ಲ, ದಿನಾ ಓದ್ಕೊಳ್ಳಲಿ.”