ಸಾರ್‌ಗೆ ನಾನಿಟ್ಟ ಹೆಸರು

ತೊಂಬತ್ತರ ದಶಕದ ಕೊನೆಯ ಎರಡು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಎರಡು ಸಾವಿರನೇ ಇಸವಿ ಬಂದಾಗ ಕಂಪ್ಯೂಟರುಗಳ ಲೆಕ್ಕ ತಪ್ಪದಿರಲೆಂದು, ಹಳೆಯ ಪ್ರೋಗ್ರಾಮುಗಳಲ್ಲಿ ಎರಡಂಕಿಯಲ್ಲಿ ಬರೆದ ಇಸವಿಯನ್ನು ಹುಡುಕಿ ನಾಲ್ಕಂಕಿ ಮಾಡುವುದು. ಮನೆ ಅಮೆರಿಕದ ಹರ್ನ್‌ಡನ್‌ನಲ್ಲಿ, ಆಫೀಸು ಟೈಸನ್ಸ್ ಹತ್ತಿರ. ಬೆಳಿಗ್ಗೆ ಟೋಲ್ ರೋಡಿನಲ್ಲಿ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ. ಎರಡು ಹೊತ್ತೂ ಸೂರ್ಯ ನೇರ ಕಣ್ಣಿಗೇ ಬೀಳುತ್ತಿದ್ದ. ಹೆಂಡತಿ ಹೆರಿಗೆಗೆಂದು ಬೆಂಗಳೂರಿಗೆ ಹೋಗಿದ್ದಳು. ಮನೆಗೆ ಬಂದು ಶೂ ಬಿಚ್ಚದೆ ಸೋಫಾದ ಮೇಲೆ ಕೂತರೆ ಏಳುವುದಕ್ಕೆ ಕಾರಣವೇ ಸಿಗುತ್ತಿರಲಿಲ್ಲ.

ನನ್ನ ಪಕ್ಕದ ಕ್ಯೂಬಿಕಲ್‌ನಲ್ಲಿ ಇಂಗ್ಲೆಂಡಿನವನೊಬ್ಬ ಕೂರುತ್ತಿದ್ದ. ನನ್ನ ಹಾಗೇ ಕಾಂಟ್ರಾಕ್ಟ್ ಮೇಲೆ ಬಂದವನು. ಅವನ ತಂಗಿ ಊರಿಂದ ಅವನಿಗೆ ಒಂದು ಹಾಸ್ಯಪತ್ರಿಕೆ ಕಳಿಸುತ್ತಿದ್ದಳು. ದೂರದಿಂದ ನೋಡಿದರೆ ಮಕ್ಕಳ ಕಾಮಿಕ್ಸ್. ಬಿಡಿಸಿದರೆ ಕುಡುಕರು, ಬೈಗುಳ, ಮಕ್ಕಳ ಕೈಗೆ ಕೊಡಲಾಗದ ಚಿತ್ರಗಳು. ಅದರಲ್ಲಿ ಪ್ರತಿ ಸಂಚಿಕೆಯಲ್ಲೂ ಬರುವ ಪೆದ್ದನೊಬ್ಬನಿದ್ದ. ಮೊಣಕೈವರೆಗೆ ಮಾತ್ರ ಬರುವ ಕೋಟು, ಸದಾ ಅರ್ಧ ತೆರೆದ ಬಾಯಿ. ಯಾರು ಏನು ಹೇಳಿದರೂ ಆಗಲಿ ಅನ್ನುತ್ತಿದ್ದ, ಹೇಳಿದ್ದನ್ನು ಅಕ್ಷರಶಃ ಮಾಡುತ್ತಿದ್ದ. ಏಣಿಯನ್ನು ಸ್ವಲ್ಪ ನೋಡಿಕೋ ಎಂದು ಯಾರೋ ಹೇಳಿ ಹೋದರೆ, ಕಳ್ಳ ಬಂದು ಏಣಿ ಹೊತ್ತೊಯ್ಯುವುದನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಕೊನೆಯ ಚಿತ್ರದಲ್ಲಿ ಅವನಿಗೆ ಹೊಡೆತ ಬೀಳುತ್ತಿತ್ತು. ಮುಂದಿನ ಸಂಚಿಕೆಯಲ್ಲಿ ಮತ್ತೆ ಹಾಜರು.

ಊಟದ ಹೊತ್ತಿನಲ್ಲಿ ಇಂಗ್ಲೆಂಡಿನವನು ಅದರ ಆಡುಮಾತನ್ನು ನನಗೆ ಬಿಡಿಸಿ ಹೇಳುತ್ತಿದ್ದ. ದಿನದಲ್ಲಿ ನಾನು ನಗುತ್ತಿದ್ದದ್ದು ಆ ಇಪ್ಪತ್ತು ನಿಮಿಷ ಮಾತ್ರ.

ಅದೇ ಟೀಮಿನಲ್ಲಿ ಮೈಸೂರಿನ ಹಿರಿಯರೊಬ್ಬರಿದ್ದರು. ಐವತ್ತು ದಾಟಿದವರು. ಊರಿನಲ್ಲಿ ಇಪ್ಪತ್ತೈದು ವರ್ಷ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮು ಬರೆದು, ಆ ವಿದ್ಯೆಗೆ ಇಲ್ಲಿ ಇದ್ದಕ್ಕಿದ್ದಂತೆ ಬೆಲೆ ಬಂದದ್ದರಿಂದ ಹೆಂಡತಿಯ ಜೊತೆ ಬಂದಿದ್ದರು. ನಮ್ಮ ಅಪಾರ್ಟ್‌ಮೆಂಟಿನ ಎದುರಿನ ಬಿಲ್ಡಿಂಗಿನಲ್ಲೇ ಮನೆ. ಡ್ರೈವಿಂಗ್ ಬರುತ್ತಿರಲಿಲ್ಲ; ನನ್ನ ಕಾರಿನಲ್ಲೇ ಬರುತ್ತಿದ್ದರು. ನಾನು ಅವರನ್ನು ಸಾರ್ ಎನ್ನುತ್ತಿದ್ದೆ. ಅವರ ಹೆಂಡತಿ ದಿನಾ ಎರಡು ಡಬ್ಬಿ ಕಟ್ಟುತ್ತಿದ್ದರು. ಒಂದು ಸಾರ್‌ಗೆ, ಒಂದು ನನಗೆ.

ಮೀಟಿಂಗಿನಲ್ಲಿ ಮ್ಯಾನೇಜರ್ ಏನು ಕೇಳಿದರೂ ಸಾರ್ 'ಯೆಸ್, ಯೆಸ್' ಎಂದು ತಲೆ ಆಡಿಸುತ್ತಿದ್ದರು. ಕೇಳಿಸಿತು ಎಂದಷ್ಟೇ ಅದರ ಅರ್ಥ. ಒಂದು ಸೋಮವಾರ ಮ್ಯಾನೇಜರ್ ನಾಲ್ಕು ರಟ್ಟಿನ ಡಬ್ಬದಷ್ಟು ಪ್ರೋಗ್ರಾಮುಗಳ ಪ್ರಿಂಟೌಟ್ ತೋರಿಸಿ, ಸುಮ್ಮನೆ ಒಮ್ಮೆ ಕಣ್ಣಾಡಿಸಿ ಎಂದ. ಸಾರ್ ಸ್ಕೇಲು ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಓದುತ್ತ ಕೂತರು. ಗುರುವಾರವೂ ಎರಡನೆಯ ಡಬ್ಬದಲ್ಲೇ ಇದ್ದರು. ಅಂದು ಊಟದ ಮೇಜಿನಲ್ಲಿ ಯಾರೋ, ದೂರದಲ್ಲಿ ಇನ್ನೂ ಓದುತ್ತಿದ್ದ ಅವರ ಕಡೆ ನೋಡಿ ನಕ್ಕರು. ನಾನು ಇಂಗ್ಲೆಂಡಿನವನಿಗೆ ಹೇಳಿದೆ, ನಿನ್ನ ಪತ್ರಿಕೆಯ ಪೆದ್ದ ಇಲ್ಲಿಗೇ ಬಂದು ಕೂತಿದ್ದಾನೆ ನೋಡು ಎಂದು. ಆ ಪೆದ್ದನ ಹೆಸರನ್ನೂ ಹೇಳಿದೆ.

ಎಲ್ಲರೂ ನಕ್ಕರು. ಪತ್ರಿಕೆಯನ್ನೇ ನೋಡದ ಅಮೆರಿಕನ್ನರಿಗೂ ಆ ಹೆಸರು ಹಿಡಿಸಿತು. ಪುಟ್ಟ ಹೆಸರು, ಸಾರ್ ಅವರ ನಿಜವಾದ ಹೆಸರಿಗಿಂತ ನಾಲಿಗೆಗೆ ಸುಲಭ. ವಾರದೊಳಗೆ ಮ್ಯಾನೇಜರನೂ ಹಾಗೇ ಕರೆಯತೊಡಗಿದ. ಸಾರ್ ಅದನ್ನು ಪ್ರೀತಿಯ ಹೆಸರು ಎಂದುಕೊಂಡರು. ಫೋನ್ ಎತ್ತಿದಾಗ ತಾವೇ ಆ ಹೆಸರು ಹೇಳುತ್ತಿದ್ದರು. ಅವರು ಪ್ರಿಂಟೌಟಿನಲ್ಲಿ, ಇಸವಿ ಹುಡುಕುವ ನಮ್ಮ ಟೂಲು ಬಿಟ್ಟುಹೋದ ಎಷ್ಟೋ ಇಸವಿಗಳನ್ನು ಹಿಡಿದಿದ್ದರು. ಮ್ಯಾನೇಜರ್ ಬೆನ್ನು ತಟ್ಟಿ ಹೊಗಳಿದ, ಅದೇ ಹೆಸರಿನಲ್ಲಿ.

ಆಗ ನಾನು ತಡೆಯಬಹುದಿತ್ತು. ತಡೆಯಬೇಕಾದರೆ ಶುರು ಮಾಡಿದವನು ನಾನೇ ಎಂದು ಹೇಳಬೇಕಾಗುತ್ತಿತ್ತು. ನನಗೆ ಸುಸ್ತು, ಇದೊಂದು ದೊಡ್ಡ ವಿಷಯವಲ್ಲ ಎಂದುಕೊಂಡು ಸುಮ್ಮನಾದೆ. ಆ ವರ್ಷ ಬಹಳಷ್ಟು ವಿಷಯಗಳಿಗೆ ಸುಸ್ತನ್ನೇ ಕಾರಣ ಕೊಟ್ಟುಕೊಂಡಿದ್ದೇನೆ.

ಎರಡು ತಿಂಗಳ ಮೇಲೆ ಒಂದು ಸಂಜೆ ಮನೆಗೆ ಹೋಗುವಾಗ ಹಾಲು ತರಲು ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ವಾಪಸ್ ಬಂದಾಗ ಸಾರ್ ತೊಡೆಯ ಮೇಲೆ ಆ ಪತ್ರಿಕೆ ಇತ್ತು. ಎರವಲು ತಂದದ್ದನ್ನು ನಾನು ಹಿಂದಿನ ಸೀಟಿನಲ್ಲಿ ಮರೆತಿದ್ದೆ. ಪುಟದ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ಆ ಹೆಸರು. ಸಾರ್ ಕೆಳಗಿನ ಚಿತ್ರಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ಓದುತ್ತಿದ್ದರು. ಕೊನೆಯ ಚಿತ್ರದ ತನಕ ಓದಿ ಮುಚ್ಚಿದರು.

"ಈ ಹೆಸರು ಇದರಿಂದ ಬಂದಿದ್ದಾ?"

"ಇರಬಹುದು ಸಾರ್. ನನ್ನ ಪಕ್ಕ ಕೂರ್ತಾನಲ್ಲ, ಅವನು ಇಟ್ಟಿರಬೇಕು. ಪುಸ್ತಕ ಅವನದೇ."

"ಹೌದಾ," ಎಂದರು. ಪತ್ರಿಕೆಯನ್ನು ಮೊದಲಿದ್ದ ಹಾಗೇ ಹಿಂದಿನ ಸೀಟಿನಲ್ಲಿಟ್ಟರು. ಇಳಿಯುವಾಗ ಎಂದಿನಂತೆ, "ಬೆಳಿಗ್ಗೆ ಏಳೂಕಾಲಿಗೆ ಅಲ್ವಾ?" ಎಂದು ಕೇಳಿದರು.

ಮುಂದಿನ ವಾರ ಇಂಗ್ಲೆಂಡಿನವನು ನನ್ನನ್ನು ಕಾಫಿ ಮೆಷಿನ್ ಹತ್ತಿರ ಕರೆದ. ಸಾರ್ ಅವನ ಬಳಿ ಹೋಗಿದ್ದರಂತೆ. ನಿಂತುಕೊಂಡೇ, ಮೆಲ್ಲಗೆ, ದಯವಿಟ್ಟು ಆ ಹೆಸರು ಬಿಟ್ಟುಬಿಡಿ, ನನ್ನ ಹೆಸರು ಕಷ್ಟವಾದರೆ ಮೊದಲ ಎರಡಕ್ಷರ ಸಾಕು ಎಂದರಂತೆ. ಅವನು ಕ್ಷಮೆ ಕೇಳಿದನಂತೆ. ಶುರು ಮಾಡಿದ್ದು ನೀನು ಎಂದು ಅವರಿಗೆ ಹೇಳಲಿಲ್ಲ ಎಂದ. ಅವನಿಗೆ ಸಿಟ್ಟು ಬಂದಿರಲಿಲ್ಲ. ನನ್ನನ್ನು ಸ್ವಲ್ಪ ಹೊತ್ತು ನೋಡಿ, ಲೋಟ ತೊಳೆದುಕೊಂಡು ಹೋದ. ಆಮೇಲೆ ಅವನು ಪತ್ರಿಕೆಯನ್ನು ಆಫೀಸಿಗೆ ತರಲಿಲ್ಲ.

ಮರುದಿನ ಬೆಳಿಗ್ಗೆ ಟೋಲ್ ರೋಡಿನಲ್ಲಿ ಮುಂದೆ ಎಲ್ಲೋ ಅಪಘಾತವಾಗಿ ಕಾರುಗಳು ನಿಂತಿದ್ದವು. ಹಿಂದಿನ ಸೀಟಿನಲ್ಲಿ ಎರಡು ಡಬ್ಬಿ. ಕಾರಿನ ತುಂಬ ಒಗ್ಗರಣೆಯ ವಾಸನೆ. ನಾನು ಮುಂದಿನ ಕಾರಿನ ನಂಬರ್ ಪ್ಲೇಟ್ ನೋಡುತ್ತ ಹೇಳಿದೆ.

"ಸಾರ್, ಆ ಹೆಸರು ಇಟ್ಟಿದ್ದು ನಾನು."

"ಗೊತ್ತು ಕಣ್ರೀ."

"ಅವನು ಹೇಳಿದ್ನಾ?"

"ಇಲ್ಲಪ್ಪ. ಸಾರಿ ಹೇಳುವಾಗ ನಿಮ್ಮ ಸೀಟಿನ ಕಡೆ ನೋಡಿದ. ಪಾಪ, ಅವನಿಗೆ ಸುಳ್ಳು ಹೇಳೋಕೆ ಬರಲ್ಲ."

ಕಾರುಗಳು ಒಂದು ಗಜ ಮುಂದೆ ಹೋಗಿ ಮತ್ತೆ ನಿಂತವು.

"ಗೊತ್ತಾದ ಮೇಲೂ ನನ್ನ ಜೊತೆ ಬಂದ್ರಲ್ಲ ಸಾರ್."

"ನನ್ನ ಹತ್ರ ಕಾರಿಲ್ಲವಲ್ಲ," ಎಂದರು.

ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದರು, ಅಷ್ಟೆ. ನಾನು ಕ್ಷಮಿಸಿ ಎಂದೆ. ಅವರು ಸರಿ ಎಂದರು. ಆಮೇಲೆ, "ಮನೇಲಿ ಇವಳಿಗೆ ಹೇಳಿಲ್ಲ. ನೀವೂ ಹೇಳಬೇಡಿ," ಎಂದರು.

ಡಬ್ಬಿ ಬರುವುದು ನಿಲ್ಲಲಿಲ್ಲ. ಅದೇ ಕಷ್ಟವಾಯಿತು. ಬುಧವಾರ ಬಿಸಿಬೇಳೆಬಾತ್, ಶುಕ್ರವಾರ ಪುಳಿಯೋಗರೆ, ಮೇಲೆ ಕಾಗದದಲ್ಲಿ ಸುತ್ತಿದ ಹಪ್ಪಳ. ಡಬ್ಬಿ ಬೇಡ ಅನ್ನಲು ಆಗುತ್ತಿರಲಿಲ್ಲ, ಅವರ ಹೆಂಡತಿ ಕಾರಣ ಕೇಳುತ್ತಾರಲ್ಲ. ತಿಂದು, ತೊಳೆದು, ವಾಪಸ್ ಕೊಡುತ್ತಿದ್ದೆ.

ಆ ಚಳಿಗಾಲ ಸಾರ್ ಪ್ರತಿ ಭಾನುವಾರ ಯಾರನ್ನೋ ಜೊತೆಗೆ ಕೂರಿಸಿಕೊಂಡು ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಡ್ರೈವಿಂಗ್ ಕಲಿತರು. ನನ್ನನ್ನು ಕರೆಯಲಿಲ್ಲ. ಟೆಸ್ಟಿನಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದರು. ಬೂದು ಬಣ್ಣದ ಹಳೆಯ ಕಾರು ಕೊಂಡರು. ಮೊದಲ ದಿನ ನಾನು ಅವರ ಹಿಂದೆಯೇ ಹೊರಟೆ. ಅವರದು ನಿಧಾನದವರ ಬಲತುದಿಯ ಲೇನು, ಎರಡೂ ಕೈ ಸ್ಟೀರಿಂಗಿನ ಮೇಲೆ, ಎಲ್ಲರಿಗಿಂತ ನಿಧಾನ. ಹಿಂದಿನವರು ಹಾರ್ನ್ ಮಾಡುತ್ತಿದ್ದರು. ನಾನು ದಾಟಿ ಹೋಗಲಿಲ್ಲ. ಆಫೀಸಿಗೆ ಇಬ್ಬರೂ ತಡವಾಗಿಯೇ ತಲುಪಿದೆವು.

ಬೇಸಿಗೆಯಲ್ಲಿ ಅವರಿಗೆ ದಕ್ಷಿಣದ ಶಾರ್ಲೆಟ್ ಎಂಬ ಊರಿನ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿ ಹೊರಟುಹೋದರು. ಕೆಲವು ತಿಂಗಳ ನಂತರ ನನ್ನನ್ನೂ ಎರಡು ವಾರಕ್ಕೆ ಅಲ್ಲಿಗೆ ಕಳಿಸಿದರು. ಫೋನ್ ಮಾಡಲೋ ಬೇಡವೋ ಎಂದು ಮೂರು ದಿನ ಮೋಟೆಲಿನಲ್ಲಿ ಯೋಚಿಸಿ ಮಾಡಿದೆ. ಅವರ ಹೆಂಡತಿ ಎತ್ತಿದರು. "ಊರಿಗೆ ಬಂದು ಮೋಟೆಲಲ್ಲಿ ಬ್ರೆಡ್ ತಿಂತಿದೀರಾ? ಶನಿವಾರ ಮಧ್ಯಾಹ್ನ ಊಟಕ್ಕೆ ಬನ್ನಿ," ಎಂದರು.

ಮನೆ ಚಿಕ್ಕದು, ಬೆಳಕು ಚೆನ್ನಾಗಿತ್ತು. ಸಾರ್ ಸ್ವಲ್ಪ ತೂಕ ಹಾಕಿಕೊಂಡಿದ್ದರು. ಹೊಸ ಆಫೀಸಿನಲ್ಲಿ ತಮ್ಮ ಕೈಕೆಳಗೆ ಮೂವರಿದ್ದಾರೆ ಎಂದರು. ನನ್ನ ಮಗಳ ಫೋಟೋ ಕೇಳಿ ನೋಡಿದರು. ಕೋಬಾಲ್ ಬಗ್ಗೆ, ಹವೆಯ ಬಗ್ಗೆ, ಇಲ್ಲಿ ಕೊತ್ತಂಬರಿ ಸೊಪ್ಪು ಎಲ್ಲಿ ಸಿಗುತ್ತದೆ ಎನ್ನುವ ಬಗ್ಗೆ ಮಾತಾಡಿದೆವು. ಹುಳಿಯನ್ನ ಮುಗಿಯುತ್ತಿದ್ದಾಗ ಅವರ ಹೆಂಡತಿ ಕೇಳಿದರು.

"ಅಲ್ಲಿ ಆಫೀಸಲ್ಲಿ ಇವರನ್ನ ಏನೋ ಒಂದು ಹೆಸರಲ್ಲಿ ಕರೀತಿದ್ರಲ್ಲ, ಒಂದ್ಸಲ ಮನೆಗೆ ಫೋನ್ ಬಂದಾಗ ಕೇಳಿಸಿಕೊಂಡಿದ್ದೆ. ಚಿಕ್ಕದಾಗಿ ಚೆನ್ನಾಗಿತ್ತು. ಏನದು?"

ಸಾರ್ ಅನ್ನ ಕಲಸುತ್ತಿದ್ದವರು ತಲೆ ಎತ್ತಲಿಲ್ಲ. "ಏನೋ ಒಂದು ಶಾರ್ಟ್ ನೇಮ್. ನನಗೆ ಮರೆತೇ ಹೋಯ್ತು," ಎಂದರು. ಆಮೇಲೆ ನನ್ನ ಕಡೆ ನೋಡಿದರು. "ನಿಮಗೆ ನೆನಪಿದೆಯೇನ್ರೀ?"

"ಇಲ್ಲ ಸಾರ್," ಎಂದೆ.

"ಹೋಗ್ಲಿ ಬಿಡಿ," ಎಂದು ಅವರ ಹೆಂಡತಿ ಎದ್ದು, ಮಜ್ಜಿಗೆಗೆ ಇನ್ನೊಂದು ಸೌಟು ಅನ್ನ ಹಾಕಿದರು.