ಕಾಕ ತೂಗಿದ ಎಳೆತ

ಕಳೆದ ವಾರ ಕಂಕನಾಡಿ ಮಾರುಕಟ್ಟೆಯಲ್ಲಿ ಒಂದು ದೊಡ್ಡ ಅಂಜಲ್ ಮೀನನ್ನು ಕೊಕ್ಕೆಯ ತಕ್ಕಡಿಗೆ ನೇತುಹಾಕಿದರು. ಗಡಿಯಾರದಂತಹ ಮುಖ, ತುಕ್ಕು ಹಿಡಿದ ಕೊಕ್ಕೆ, ನಡುಗುತ್ತಾ ನಿಲ್ಲುವ ಮುಳ್ಳು... ಮೀನಿನ ಬೆಲೆ ಕೇಳುವುದನ್ನೂ ಮರೆತು ನಿಂತುಬಿಟ್ಟೆ. ಉಳ್ಳಾಲದ ಕಾಕ ನೆನಪಾಗಿದ್ದರು.

ಕಾಕ ಮೀನುಗಾರಿಕೆ ಬೋಟುಗಳ ಇಂಜಿನ್ ಮತ್ತು ಫ್ಯಾನ್ ರಿಪೇರಿ ಮಾಡುತ್ತಿದ್ದ ಬ್ಯಾರಿ ಮುಸ್ಲಿಮರು. ಪ್ರೊಪೆಲ್ಲರಿಗೆ ಅವರ ಬಾಯಲ್ಲಿ ಫ್ಯಾನ್ ಎಂದೇ ಹೆಸರು. ನಾನು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತಾ, ಮನೆಯ ಕಾರ್‌ಶೆಡ್ಡಿನಲ್ಲಿ ಒಬ್ಬರೇ ಕೂರುವ ಪುಟ್ಟ ವಿಮಾನ ಕಟ್ಟುತ್ತಿದ್ದವಳು. ಬಜಪೆಯಲ್ಲಿ ಇಳಿಯುವ ವಿಮಾನಗಳನ್ನು ನೋಡುತ್ತಲೇ ಬೆಳೆದ ನನಗೆ ಅದು ಹುಚ್ಚೆಂದು ಅನ್ನಿಸಿರಲಿಲ್ಲ. ಉಳಿದವರಿಗೆಲ್ಲ ಅನ್ನಿಸಿತ್ತು.

ಇಂಜಿನ್ ಆರಿಸಿದ್ದು ನಾನೇ, ದೊಡ್ಡ ಮೋಟಾರ್‌ಸೈಕಲ್ಲಿನದು. ಅದರ ಶಾಫ್ಟಿಗೆ ನೇರವಾಗಿ ಬಿಗಿಯುವ ಮರದ ಪ್ರೊಪೆಲ್ಲರನ್ನು ಕೆತ್ತಿದ್ದೂ ನಾನೇ. ನಡುವೆ ಗೇರೂ ಇಲ್ಲ, ಬೆಲ್ಟೂ ಇಲ್ಲ, ಭಾರ ಎಷ್ಟು ಕಡಿಮೆ ಎಂಬ ಜಂಬ ಬೇರೆ! ಘಟ್ಟದ ಮೇಲಿನ ಒಂದು ಖಾಸಗಿ ರನ್‌ವೇಯಲ್ಲಿ ಮೊದಲ ಹಾರಾಟಕ್ಕೆ ಅನುಮತಿ ಸಿಕ್ಕಿ, ದಿನವೂ ನಿಶ್ಚಯವಾಗಿತ್ತು. ರನ್‌ವೇ ಚಿಕ್ಕದು, ಅದರ ತುದಿಗೆ ಸಾಲಾಗಿ ನೀಲಗಿರಿ ಮರಗಳು.

ಪ್ರೊಪೆಲ್ಲರ್ ಸ್ವಲ್ಪ ಓಲಾಡುತ್ತಿದೆ ಎಂದು ಹೊರಡುವ ಹತ್ತು ದಿನ ಮೊದಲು ಕಾಕನನ್ನು ಕರೆತಂದೆ. ಅರ್ಧ ಗಂಟೆಯಲ್ಲಿ ಸರಿಮಾಡಿದರು. ಇಂಜಿನ್ ಚಾಲೂ ಮಾಡಿ ತೋರಿಸಿದೆ. ಆ ಕೂಗಿಗೆ ಪಕ್ಕದ ಮನೆಯ ನಾಯಿ ಬಾಲ ಮುದುರಿ ಓಡಿತು.

"ಶಬ್ದ ಉಂಟು ಟೀಚರೇ. ಫ್ಯಾನಿನ ಎಳೆತ ಎಷ್ಟುಂಟು?"

"ಲೆಕ್ಕ ಹಾಕಿದ್ದೇನೆ ಕಾಕ."

"ಲೆಕ್ಕ ಅಲ್ಲ. ತೂಗಿದ್ದೀರಾ?"

ಮರುದಿನ ಮೀನು ತೂಗುವ ತಕ್ಕಡಿ, ಬಲೆಯ ಹಗ್ಗ ಹಿಡಿದು ಬಂದರು. ವಿಮಾನದ ಬಾಲಕ್ಕೆ ಹಗ್ಗ, ಹಗ್ಗಕ್ಕೆ ತಕ್ಕಡಿ, ತಕ್ಕಡಿಯ ಇನ್ನೊಂದು ತುದಿ ಅಂಗಳದ ತೆಂಗಿನ ಮರಕ್ಕೆ. ಇಂಜಿನನ್ನು ಪೂರ್ತಿ ಏರಿಸಿದೆ. ನಾನು ಪುಸ್ತಕದಲ್ಲಿ ಬರೆದುಕೊಂಡಿದ್ದ ಎಳೆತದ ಅರ್ಧ ದಾಟಿ ಸ್ವಲ್ಪ ಮುಂದೆ ಹೋದ ಮುಳ್ಳು ಅಲ್ಲೇ ನಿಂತಿತು.

ನನಗೆ ಸಿಟ್ಟು ನೆತ್ತಿಗೇರಿತು. "ಉಪ್ಪುನೀರು ಕುಡಿದ ತಕ್ಕಡಿ ಕಾಕ, ಹಾಳಾಗಿದೆ," ಎಂದುಬಿಟ್ಟೆ. ಅವರು ತಕ್ಕಡಿ ಬಿಚ್ಚಿ ಶೆಡ್ಡಿನ ತೊಲೆಗೆ ಕಟ್ಟಿ, ಲುಂಗಿ ಎತ್ತಿ ಕಟ್ಟಿ, ಕೊಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದರು.

"ಓದಿ ಟೀಚರೇ."

"ಅರವತ್ತೊಂದು."

"ಆಸ್ಪತ್ರೆಯಲ್ಲೂ ಅಷ್ಟೇ ಹೇಳಿದ್ದು ಮಾರಾಯ್ರೇ."

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಕಾಕ ಕೆಳಗಿಳಿದು ಸಮಾಧಾನವಾಗಿ ಹೇಳಿದರು, "ಇಂಜಿನ್ ಒಳ್ಳೆದೇ ಉಂಟು. ಅದು ಓಡಲಿ, ಫ್ಯಾನ್ ನಿಧಾನ ತಿರುಗಲಿ. ನಡುವೆ ಬೆಲ್ಟ್ ಹಾಕುವ, ಫ್ಯಾನ್ ದೊಡ್ಡದು ಮಾಡುವ. ಭಾರದ ಬೋಟಿಗೆ ಸಣ್ಣ ಫ್ಯಾನ್ ಹಾಕಿದರೆ ನೀರು ಕಡೀತದೆ ಅಷ್ಟೇ, ಬೋಟ್ ಹೋಗುದಿಲ್ಲ."

ಹಾರಾಟ ಮುಂದೆ ಹೋಯಿತು. ಕರೆದವರಿಗೆಲ್ಲ ಬರಬೇಡಿ ಎಂದು ಫೋನು ಮಾಡುವಾಗ ನಾಚಿಕೆಯಿಂದ ಸತ್ತುಹೋಗಿದ್ದೆ. ಹೊಸ ಪ್ರೊಪೆಲ್ಲರ್ ನೆಲಕ್ಕೆ ತಾಗುತ್ತದೆಂದು ವಿಮಾನದ ಕಾಲುಗಳನ್ನೂ ಎತ್ತರಿಸಬೇಕಾಯಿತು. ಎಂಟು ತಿಂಗಳ ಮೇಲೆ ಮತ್ತೆ ತೂಗಿದಾಗ ಮುಳ್ಳು ನನ್ನ ಪುಸ್ತಕದ ಅಂಕಿಯನ್ನು ದಾಟಿತು. ಕಾಕ ಖುಷಿಯಲ್ಲಿ ಬೀಡಿ ಹಚ್ಚಲು ಹೋಗಿ, ಪೆಟ್ರೋಲಿನ ನೆನಪಾಗಿ ಮತ್ತೆ ಜೇಬಿಗಿಳಿಸಿದರು.

ಘಟ್ಟದ ಮೇಲಿನ ಅದೇ ರನ್‌ವೇಯಿಂದ ಹಾರಿದೆ. ಮರಗಳ ತಲೆ ನನ್ನ ಚಕ್ರದಿಂದ ಎಷ್ಟೋ ಕೆಳಗೆ ಸರಿದುಹೋಯಿತು. ಇಳಿದ ಕೂಡಲೇ ಫೋನು ಮಾಡಿದೆ.

"ಎಳೆತ ಉಂಟಾ?" ಎಂದರು.

"ಉಂಟು ಕಾಕ."

"ಸಾಕು."

ಆ ಕ್ರಿಸ್ಮಸ್ಸಿಗೆ ಅವರ ಮನೆಗೆ ನಮ್ಮ ಹಬ್ಬದ ಕುಸ್ವಾರಿನ ತಿಂಡಿಗಳನ್ನು ದೊಡ್ಡ ತಟ್ಟೆಯಲ್ಲಿ ಒಯ್ದು ಕೊಟ್ಟೆ. ಒಳ್ಳೆಯ ಪ್ರೊಪೆಲ್ಲರಿಗಾಗಿ ತುಂಬ ಥ್ಯಾಂಕ್ಸ್ ಎಂದೆ. ಅಲ್ಲಿಗೆ ಋಣ ತೀರಿತೆಂದುಕೊಂಡೆ...

ಕಾಕ ತೀರಿಹೋಗಿ ಎರಡು ವರ್ಷವಾಯಿತು. ಮಾರುಕಟ್ಟೆಯಿಂದ ಬಂದ ದಿನ, ಇಷ್ಟು ವರ್ಷ ಬೇಕೆಂದೇ ಮಾಡದೆ ಬಿಟ್ಟಿದ್ದ ಒಂದು ಲೆಕ್ಕ ಮಾಡಲು ಕುಳಿತೆ. ಕಾಕ ಮೊದಲ ದಿನ ತೂಗಿದ ಆ ಎಳೆತ, ವಿಮಾನದ ಭಾರ, ನನ್ನ ಭಾರ, ಆ ಚಿಕ್ಕ ರನ್‌ವೇ. ಮೂರು ಸಲ ಮಾಡಿದೆ, ಮೂರು ಸಲವೂ ಒಂದೇ ಉತ್ತರ. ವಿಮಾನ ನೆಲ ಬಿಡುತ್ತಿತ್ತು. ಮರಗಳನ್ನು ದಾಟುತ್ತಿರಲಿಲ್ಲ.

ನಾನು ಥ್ಯಾಂಕ್ಸ್ ಹೇಳಿದ್ದು ಪ್ರೊಪೆಲ್ಲರಿಗಾಗಿ. ಉಳಿದ ಜೀವಕ್ಕಾಗಿ ಹೇಳಬೇಕಿತ್ತು. ಹೇಳೋಣವೆಂದರೆ ಈಗ ಕಾಕ ಇಲ್ಲ.